ಏಳದ ಪೆಟ್ಟಿಗೆ, ಕೆಂಪು ಚುಕ್ಕೆ

"ಎಲ್ರೂ ಸ್ವಲ್ಪ ಸುಮ್ನಿರಿ. ಅದೇನೋ ಹೇಳ್ತಿದೆ, ಕೇಳೋಣ," ಎಂದಳು ರಿಪೇರಿ ಚಿಕ್ಕಮ್ಮ.

ಮೇಜಿನ ಕೆಳಗಿದ್ದ ಕಂಪ್ಯೂಟರ್ ಪೆಟ್ಟಿಗೆ ಉದ್ದಕ್ಕೆ ಕೂಗಿತು, ಉಸಿರು ಬಿಟ್ಟಿತು, ಮತ್ತೆ ಕೂಗಿತು. ಒಳಗೆ ಫ್ಯಾನು ತಿರುಗುತ್ತಿತ್ತು. ಮುಂದಿನ ಹಸಿರು ದೀಪ ಉರಿಯುತ್ತಿತ್ತು. ಪರದೆ ಮಾತ್ರ ಅಮಾವಾಸ್ಯೆ.

ಬೆಳಗ್ಗೆಯಿಂದ ಆ ಪೆಟ್ಟಿಗೆ ಎದ್ದಿರಲಿಲ್ಲ. ಸಂಜೆಯೊಳಗೆ ಏಳದಿದ್ದರೆ ಪುಟ್ಟಿ ಸೊಂಟದ ಕೀಲಿಗೊಂಚಲು ಬಿಚ್ಚಿಟ್ಟು ಈ ಜೋಡಿನ ಕಾರ್ಖಾನೆಯಿಂದ ಹೊರಡಬೇಕು ಎಂದು ತೀರ್ಮಾನವಾಗಿತ್ತು.

"ಕೂಗಿದ್ರೆ ಒಳ್ಳೇದೇ," ಎಂದಳು ಚಿಕ್ಕಮ್ಮ, ಚೀಲದಿಂದ ಸ್ಕ್ರೂಡ್ರೈವರ್ ಹುಡುಕುತ್ತ. "ಮಾತೇ ಆಡದ ರೋಗಿಗಿಂತ ನರಳೋ ರೋಗಿ ವಾಸಿ."

"ಪಾಠ ಆಮೇಲೆ ಮಾಡಿ. ಏಳುತ್ತೋ ಇಲ್ವೋ ಹೇಳಿ," ಎಂದ ಅಳಿಯ. ಯಜಮಾನರ ಮಗಳ ಗಂಡ. ಬಾಗಿಲ ಹತ್ತಿರ ನಿಂತು ಕಾಲು ಬದಲಿಸುತ್ತಿದ್ದ.

ಕಿಟಕಿಯ ಬಳಿ ಕುರ್ಚಿಯಲ್ಲಿದ್ದ ಅಜ್ಜಿ, ಅಂದರೆ ಯಜಮಾನರ ತಾಯಿ, ಬೀದಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಅದನ್ನ ಆರಿಸ್ರೋ. ತಲೆ ಚಿಟ್ಟು ಹಿಡೀತಿದೆ."

ಚಿಕ್ಕಮ್ಮ ಆರಿಸಿದಳು. ಆಮೇಲೆ ಸೊಂಟ ಹಿಡಿದುಕೊಂಡು ನೆಲದ ಮೇಲೆ ಕೂತಳು. ಈ ಕಾರ್ಖಾನೆಗೆ ಬಂದಾಗಲೆಲ್ಲ ಅವಳಿಗೆ ಒಂದು ನಗು ಬರುತ್ತಿತ್ತು. ಕುಂಟುವವರಿಗೆ, ಒಂದು ಕಾಲು ಗಿಡ್ಡ ಇರುವವರಿಗೆ, ಯಾವ ಅಂಗಡಿಯಲ್ಲೂ ಜೋಡು ಸಿಗದವರಿಗೆ ಇಲ್ಲಿ ಜೋಡು ಮಾಡುತ್ತಾರೆ. ಅಂಥ ಕಾರ್ಖಾನೆ ಇರುವುದು ಮಹಡಿಯ ಮೇಲೆ, ಮಂಡಿ ಮುರಿಯುವ ಮೆಟ್ಟಿಲ ತುದಿಯಲ್ಲಿ.

ಪುಟ್ಟಿ ಯಜಮಾನರ ಅಕ್ಕನ ಮಗಳು. ಬಂದವರ ಪಾದವನ್ನು ಗಾಜಿನ ಮೇಲೆ ಇಡಿಸಿ, ಯಂತ್ರದಿಂದ ಅದರ ಆಕಾರ ತೆಗೆದು, ಕಂಪ್ಯೂಟರಿನಲ್ಲಿ ಕೂಡಿಡುವುದು ಅವಳ ಕೆಲಸ. ಅದನ್ನು ನೋಡಿ ಯಜಮಾನರು ಮರದಲ್ಲಿ ಪಾದ ಕೆತ್ತುತ್ತಾರೆ. ಆ ಮರದ ಅಚ್ಚಿನ ಮೇಲೆ ಚರ್ಮ ಕೂರುತ್ತದೆ. ಊರಿನ ಸೊಟ್ಟ ಪಾದಗಳೆಲ್ಲ ಆ ಪೆಟ್ಟಿಗೆಯೊಳಗಿದ್ದವು.

"ರಜೆಗೆ ಮುಂಚೆ ಕಡೆಗೆ ಇದನ್ನ ಮುಟ್ಟಿದ್ದು ಇವಳೇ," ಎಂದ ಅಳಿಯ. "ಬೆಳಗ್ಗೆ ಬಂದು ನೋಡಿದ್ರೆ ಹೀಗೆ. ಇನ್ನೇನು ಬೇಕು?"

"ನಾನು ಸರಿಯಾಗಿ ಆರಿಸಿಯೇ ಹೋದೆ ಭಾವ," ಎಂದಳು ಪುಟ್ಟಿ. ಎಷ್ಟು ಸಲ ಹೇಳಿದ್ದಳೋ, ದನಿಯಲ್ಲಿ ಜೀವ ಉಳಿದಿರಲಿಲ್ಲ.

"ಇನ್ನೊಂದು ಕಡೆ ನಕಲು ಇಡಿ ಅಂದಿದ್ನಲ್ಲ, ಇಟ್ಟಿದ್ದೀರಾ?" ಎಂದು ಕೇಳಿದಳು ಚಿಕ್ಕಮ್ಮ.

ಎಲ್ಲರೂ ಅಳಿಯನ ಕಡೆ ನೋಡಿದರು.

"ಮಾಡ್ಬೇಕು ಅಂತಲೇ ಇದ್ದೆ," ಎಂದ ಅಳಿಯ.

"ನಮ್ಮನೆ ಬಚ್ಚಲ ನಲ್ಲಿ ವಿಷಯಕ್ಕೆ ನನ್ನ ಗಂಡನೂ ಅದೇ ಮಾತು ಹೇಳ್ತಾನೆ," ಎಂದಳು ಚಿಕ್ಕಮ್ಮ. "ಇನ್ನೂ ಸೋರ್ತಿದೆ."

ಯಜಮಾನರು ಮೂಲೆಯ ಮಣೆಯ ಮೇಲೆ ಕೂತು ಒಂದು ಜೋಡಿನ ಮರದ ಹಿಮ್ಮಡಿಯನ್ನು ಉಜ್ಜುತ್ತಿದ್ದರು. ಅದು ಆಗಲೇ ಕನ್ನಡಿಯಷ್ಟು ನುಣುಪಾಗಿತ್ತು.

ಚಿಕ್ಕಮ್ಮ ಪ್ಲಗ್ ಕಿತ್ತಳು. ಒಳಗೆ ಉಳಿದ ಕರೆಂಟು ಇಳಿಯಲಿ ಎಂದು ಗುಂಡಿ ಒತ್ತಿ ಹಿಡಿದಳು. ಪಕ್ಕದ ತಗಡಿನ ಸ್ಕ್ರೂ ಬಿಚ್ಚಿದಳು. ಒಳಗೆ ಚರ್ಮದ ಸಣ್ಣ ಪುಡಿ ಕಂದು ಬಣ್ಣಕ್ಕೆ ಹರಡಿತ್ತು, ಹಿಟ್ಟಿನ ಗಿರಣಿಯ ತೊಲೆಯ ಹಾಗೆ.

ಆ ಪುಡಿಯ ನಡುವೆ ಬೆರಳು ಎಳೆದ ಗುರುತು ಇತ್ತು.

ಅವಳು ಅದನ್ನು ನೋಡಿಟ್ಟುಕೊಂಡಳು. ರ‍್ಯಾಮ್ ಪಟ್ಟಿಯ ಒಂದು ತುದಿ ಅದರ ಗೂಡಿನಿಂದ ಕೂದಲೆಳೆಯಷ್ಟು ಎದ್ದಿತ್ತು. ಯಾರದೋ ಮೊಣಕೈ ತಾಗಿದ ಹಾಗೆ. ಪಟ್ಟಿಯನ್ನು ಕಿತ್ತು, ಚೀಲದಿಂದ ಮಕ್ಕಳು ಬಳಸುವ ರಬ್ಬರ್ ತೆಗೆದು, ಹೊಂಬಣ್ಣದ ಅಂಚನ್ನು ಮೆತ್ತಗೆ ಉಜ್ಜಿದಳು. ಊದಿದಳು. ಮತ್ತೆ ಗೂಡಿಗೆ ಕೂರಿಸಿ ಎರಡೂ ಹೆಬ್ಬೆರಳಿನಿಂದ ಒತ್ತಿದಳು. ಟಕ್ ಎಂದಿತು.

"ಅಷ್ಟೇನಾ?" ಎಂದ ಅಳಿಯ.

"ಅಷ್ಟೇ ಆಗಿದ್ರೆ ನನ್ನ ಪುಣ್ಯ."

"ಹಾಕು ನೋಡೋಣ," ಎಂದಳು ಅಜ್ಜಿ. "ಮೊದ್ಲು ದೀಪ ಹಾಕಮ್ಮ ಪುಟ್ಟಿ, ಚಿಕ್ಕಮ್ಮಂಗೆ ಕಾಣಲ್ಲ. ಆಮೇಲೆ ಪೆಟ್ಟಿಗೆ ಹಾಕು."

ಪುಟ್ಟಿ ದೀಪ ಹಾಕಿದಳು. ಪೆಟ್ಟಿಗೆ ಹಾಕಿದಳು. ಈ ಸಲ ಕೂಗಲಿಲ್ಲ, ಚಿಕ್ಕದೊಂದು ಪೀಪ್. ಪರದೆಗೆ ಬೆಳಕು ಬಂತು. ಪುಟ್ಟಿಯ ಮುಖಕ್ಕೂ ಬಂತು.

ಕಪ್ಪು ಪರದೆಯ ಮೇಲೆ ಒಂದೇ ಒಂದು ಬಿಳಿ ಸಾಲು ಮೂಡಿ ಅಲ್ಲೇ ನಿಂತಿತು.

"ಏನಂತೆ?" ಎಂದು ಕೇಳಿದರು ಯಜಮಾನರು. ಬೆಳಗ್ಗೆಯಿಂದ ಅವರು ಆಡಿದ ಮೊದಲ ಮಾತು.

"ಎದ್ದಿದ್ದೀನಿ, ಆದ್ರೆ ನಾನ್ಯಾರು ಅಂತ ಗೊತ್ತಿಲ್ಲ ಅಂತಿದೆ," ಎಂದಳು ಚಿಕ್ಕಮ್ಮ. "ಹಾರ್ಡ್ ಡಿಸ್ಕ್ ಸಿಗ್ತಿಲ್ಲ ಅದಕ್ಕೆ."

"ಅಂದ್ರೆ ಡಿಸ್ಕ್ ಸತ್ತಿದೆ," ಎಂದ ಅಳಿಯ ಬೇಗನೆ. "ಮುಗೀತು ಬಿಡಿ. ಇವಳು ನೆಟ್ಟಗೆ ಆರಿಸದೆ ಹೋದದ್ದಕ್ಕೇ ಸತ್ತಿರೋದು. ಹೊಸದು ತರೋಣ."

ಅವನ ಫೋನು ರಿಂಗಾಯಿತು. ಅವನು ಮುಖ ಆಚೆ ತಿರುಗಿಸಿ, ದನಿ ತಗ್ಗಿಸಿ, "ಸಂಜೆ ಕೊಡ್ತೀನಿ ಅಂದ್ನಲ್ಲ," ಎಂದು ಇಟ್ಟುಬಿಟ್ಟ.

ಚಿಕ್ಕಮ್ಮ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಟ್ಟ ಹಾಗೆ ಮನಸ್ಸಿನಲ್ಲಿ ಇಟ್ಟುಕೊಂಡಳು. ಕೈ ಮಾತ್ರ ಕೆಲಸ ಮಾಡುತ್ತಿತ್ತು. ಮತ್ತೆ ಪ್ಲಗ್ ಕಿತ್ತು, ಡಿಸ್ಕಿನ ಎರಡು ತಂತಿ ಕಳಚಿ, ಅದನ್ನು ಹೊರಗೆಳೆದು ಬೆಳಕಿಗೆ ಹಿಡಿದಳು.

ತಾನು ಕೂರಿಸಿದ ಪ್ರತಿ ಡಿಸ್ಕಿನ ಮೂಲೆಯಲ್ಲಿ ಅವಳು ಕೆಂಪು ಉಗುರು ಬಣ್ಣದ ಒಂದು ಚುಕ್ಕೆ ಇಡುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಹೆತ್ತವಳು ಮಗುವಿನ ಮಚ್ಚೆ ಗುರುತಿಟ್ಟುಕೊಂಡ ಹಾಗೆ, ತನ್ನ ಕೆಲಸ ತನಗೆ ಗೊತ್ತಾಗಲಿ ಎಂದು.

ಈ ಡಿಸ್ಕಿನಲ್ಲಿ ಚುಕ್ಕೆ ಇರಲಿಲ್ಲ.

"ಪುಟ್ಟಿ, ಹಳೇ ಕಂಪ್ಯೂಟರಿಂದು ಸತ್ತ ಡಿಸ್ಕ್ ಎರಡಿತ್ತಲ್ಲ. ಚರ್ಮ ಸುರುಳಿ ಆಗದ ಹಾಗೆ ಮೇಲಿಡ್ತಿದ್ಯಲ್ಲ, ಅವು ಎಲ್ಲಿ?"

ಪುಟ್ಟಿ ಮೇಜಿನ ಡ್ರಾಯರ್ ಎಳೆದಳು. ದಬ್ಬಳಗಳು, ದಾರದುಂಡೆ, ಜೇನುಮೇಣದ ಮುದ್ದೆ. ಡಿಸ್ಕ್ ಒಂದೂ ಇರಲಿಲ್ಲ.

"ಒಂದು ನನ್ನ ಕೈಲಿದೆ," ಎಂದಳು ಚಿಕ್ಕಮ್ಮ. "ಸತ್ತದ್ದು ಇದು. ಬದುಕಿರೋದನ್ನ ತೆಗೆದು ಈ ಹೆಣಾನ ಯಾರೋ ಕೂರಿಸಿದ್ದಾರೆ. ಕೂರಿಸೋವಾಗ ರ‍್ಯಾಮಿಗೆ ಕೈ ತಾಗಿದೆ. ತಾಗದಿದ್ರೆ ಕೂಗ್ತಿರಲಿಲ್ಲ. ಡಿಸ್ಕ್ ಸತ್ತಿದೆ ಅಂತ ನೀವು ಬಿಸಾಕ್ತಿದ್ರಿ, ನಾನು ಮನೇಲಿ ಊಟ ಮಾಡ್ತಿರ್ತಿದ್ದೆ."

ಯಜಮಾನರ ಕೈಯಲ್ಲಿದ್ದ ಹಿಮ್ಮಡಿ ನಿಂತಿತು.

"ನಾನಂತೂ ಮುಟ್ಟಿಲ್ಲ," ಎಂದ ಅಳಿಯ. ಅವನನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಕೆಲವರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ.

ಚಿಕ್ಕಮ್ಮ ಅಂಗೈ ಚಾಚಿದಳು. ಅದರ ಮೇಲೆ ಒಂದು ಸ್ಕ್ರೂ. "ಡಿಸ್ಕ್ ಹಿಡಿದಿದ್ದ ಸ್ಕ್ರೂಗಳಲ್ಲಿ ಇದೊಂದು ಬೇರೆ ಜಾತಿ. ಹಿತ್ತಾಳೆ. ಹಿಮ್ಮಡಿಗೆ ಹೊಡೆಯೋದು. ಡಿಸ್ಕಿನದೇ ಸ್ಕ್ರೂ ಎಲ್ಲೋ ಉರುಳಿ ಹೋಗಿರಬೇಕು, ಕೈಗೆ ಸಿಕ್ಕಿದ್ದನ್ನ ಬಲವಂತವಾಗಿ ತಿರುಗಿಸಿದ್ದಾರೆ."

"ನೋಡಿದ್ರಾ ಮಾವ," ಎಂದ ಅಳಿಯ. "ಈಚೆಗೆ ಹಿಮ್ಮಡಿ ಹೊಡೆಯೋದು ಯಾರು? ಪುಟ್ಟಿ. ಇವಳಿಗೆ ಬೇರೆ ಅಂಗಡಿ ಹಾಕೋ ಹುನ್ನಾರ ಇದೆ. ಪಾದಗಳನ್ನೆಲ್ಲ ಹೊತ್ಕೊಂಡು ಹೋಗೋ ಲೆಕ್ಕಾಚಾರ."

ಪುಟ್ಟಿ ಬಾಯಿ ತೆರೆದಳು. ಮಾಮನ ಕಡೆ ನೋಡಿದಳು. ಮಾಮ ನೆಲ ನೋಡುತ್ತಿದ್ದರು. ಅದನ್ನು ಕಂಡು ಅವಳ ಕೈ ತಾನಾಗಿ ಸೊಂಟದ ಕೀಲಿಗೊಂಚಲಿನ ಮೇಲೆ ಹೋಯಿತು.

"ಅಜ್ಜೀ," ಎಂದಳು ಚಿಕ್ಕಮ್ಮ, "ನಿನ್ನೆ ರಜೆ. ಇಲ್ಲಿಗೆ ಯಾರಾದ್ರೂ ಬಂದಿದ್ರಾ?"

"ಬೆಳಗ್ಗೆಯಿಂದ ಹೇಳ್ತಿದೀನಿ, ಯಾರು ಕೇಳ್ತೀರ?" ಎಂದಳು ಅಜ್ಜಿ. "ನನ್ನ ಮಗ ಬಂದ. ಆ ಪೆಟ್ಟಿಗೆ ತೆಗೆದ. ನಾನಿಲ್ಲೇ ಕೂತು ತೂಕಡಿಸ್ತಿದ್ದೆ. ಸ್ವಲ್ಪ ಹೊತ್ತು ಇದ್ದು ಹೋದ."

ಅಳಿಯ ನಕ್ಕ. "ಮಾವ ಕಂಪ್ಯೂಟರ್ ತೆಗೆದ್ರಂತೆ. ಅವರಿಗೆ ಆನ್ ಮಾಡೋ ಗುಂಡಿ ಯಾವುದು ಅಂತಲೇ ಗೊತ್ತಿಲ್ಲ. ತೂಕಡಿಕೆಯಲ್ಲಿ ಕನಸು ಕಂಡಿದ್ದೀರ ಅಜ್ಜಿ."

ಪುಟ್ಟಿಯೂ ಬೇಸರದ ನಡುವೆ ಸಣ್ಣಗೆ ನಕ್ಕಳು. ಅದು ಮನೆಮಂದಿಗೆಲ್ಲ ಗೊತ್ತಿದ್ದ ತಮಾಷೆ. ಯಜಮಾನರು ಮಾತ್ರ ನಗಲಿಲ್ಲ.

ಅಜ್ಜಿ ಮತ್ತೆ ಬೀದಿಯ ಕಡೆ ತಿರುಗಿದಳು. ಜೋಡು ಮಾಡುವವರ ಮನೆಯಲ್ಲಿ ಹುಟ್ಟಿ ಬೆಳೆದೂ ಅವಳು ಕಾಲಿಗೆ ಏನೂ ಹಾಕುತ್ತಿರಲಿಲ್ಲ. ಬರಿಗಾಲನ್ನು ಸ್ಟೂಲಿನ ಮೇಲೆ ಚಾಚಿ, ಬಂದವರಿಗೆಲ್ಲ ತೋರಿಸಿ, "ಇವು ಯಂತ್ರ ಕಾಣದ ಪಾದ" ಎಂದು ಜಂಭ ಪಡುತ್ತಿದ್ದಳು. ಇವತ್ತು ಸೆಕೆಯಲ್ಲೂ ಕಾಲಿನ ಮೇಲೆ ಶಾಲು ಹೊದ್ದಿದ್ದಳು. ಚಿಕ್ಕಮ್ಮ ನೋಡಿದಳು, ವಯಸ್ಸಾಯಿತು ಪಾಪ ಎಂದುಕೊಂಡಳು.

"ಯಜಮಾನ್ರೇ, ಒಂದ್ನಿಮಿಷ ಒಳಕೋಣೆಗೆ ಬನ್ನಿ. ಸ್ಕ್ರೂ ವಿಷಯ ನಿಮಗೇ ಚೆನ್ನಾಗಿ ಗೊತ್ತಿರೋದು."

ಒಳಕೋಣೆಯ ಸೂರಿನಿಂದ ಮರದ ಪಾದಗಳು ಜೋಡಿ ಜೋಡಿಯಾಗಿ ತೂಗುತ್ತಿದ್ದವು. ಮರದ ಹೊಟ್ಟು, ಅಂಟು, ಮೇಣ ಎಲ್ಲ ಬೆರೆತ ವಾಸನೆ. ಚಿಕ್ಕಮ್ಮನಿಗೆ ಇಷ್ಟವಾದ ವಾಸನೆ ಅದು. ಬಾಗಿಲು ಮುಂದೆ ಮಾಡಿ ಅವಳು ಸ್ಕ್ರೂವನ್ನು ಯಜಮಾನರ ಅಂಗೈಯಲ್ಲಿಟ್ಟಳು.

ಅವರ ಹೆಬ್ಬೆರಳು ತನ್ನಷ್ಟಕ್ಕೆ ಅದನ್ನು ಸವರಿತು.

"ಏನಿದೆ ಅದರ ಮೇಲೆ?"

"ಮೇಣ."

"ಯಾಕೆ ಹಚ್ತೀರಿ?"

"ಸಲೀಸಾಗಿ ಇಳೀಲಿ ಅಂತ. ಮರ ಸೀಳಬಾರ್ದು ಅಂತ."

"ತಗಡು ಸೀಳುತ್ತಾ ಯಜಮಾನ್ರೇ?"

ಅವರು ಸ್ಕ್ರೂವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು.

"ಕಂಪ್ಯೂಟರ್ ಬಿಚ್ಚೋನು ಯಾವನೂ ಸ್ಕ್ರೂಗೆ ಮೇಣ ಹಚ್ಚಲ್ಲ. ಹಿಮ್ಮಡಿ ಹೊಡೆದು ಹೊಡೆದು ಪಳಗಿದ ಕೈ ಹಚ್ಚುತ್ತೆ. ತಲೆನ ಕೇಳೋಕೆ ಹೋಗಲ್ಲ."

"ಪುಟ್ಟೀನೂ ಹಚ್ತಾಳೆ," ಎಂದರು ಯಜಮಾನರು.

ಚಿಕ್ಕಮ್ಮ ಅವರನ್ನೇ ನೋಡಿದಳು. "ಆಡಿದ್ರಲ್ಲ, ಆ ಮಾತು ನಾಲಿಗೆ ಮೇಲೆ ಹೇಗಿದೆ ಈಗ?"

ಅವರು ಮುಖ ತಿರುಗಿಸಿದರು. ತೂಗುತ್ತಿದ್ದ ಒಂದು ಮರದ ಪಾದವನ್ನು ಹಿಡಿದು ನಿಲ್ಲಿಸಿದರು, ಅದೇ ದೊಡ್ಡ ಕೆಲಸ ಎಂಬಂತೆ.

"ನಿಮ್ಮಮ್ಮ ಬೆಳಗ್ಗೆಯಿಂದ ನಿಜಾನೇ ಹೇಳ್ತಿದ್ದಾರೆ," ಎಂದಳು ಚಿಕ್ಕಮ್ಮ. "ನಾವು ಕಿವಿ ಕೊಟ್ವಿ, ಬುದ್ಧಿ ಕೊಡ್ಲಿಲ್ಲ. ಅವರು ದೀಪ ಹಾಕು ಅಂತಾರೆ. ಪೆಟ್ಟಿಗೆ ಹಾಕು ಅಂತಾರೆ. ಏನನ್ನಾದ್ರೂ ಶುರು ಮಾಡೋದಕ್ಕೆ ಅವರ ಬಾಯಲ್ಲಿ ಬರೋದೇ ‘ಹಾಕು’. ನಿಮ್ಮ ವಿಷಯಕ್ಕೆ ಮಾತ್ರ ‘ತೆಗೆದ’ ಅಂದ್ರು. ಬೀರು ತೆಗೆದ ಹಾಗೆ. ಡಬ್ಬದ ಮುಚ್ಚಳ ತೆಗೆದ ಹಾಗೆ. ನಾವು ಆನ್ ಮಾಡಿದ ಅಂತ ತಿಳ್ಕೊಂಡು ನಕ್ವಿ. ನೀವು ನಗಲಿಲ್ಲ. ನಿಮಗೆ ಅರ್ಥ ಆಗಿತ್ತು."

ಹೊರಗೆ ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ ಕೇಳಿಸಿತು. ಯಜಮಾನರು ಮಣೆಯ ಮೇಲೆ ಕೂತರು. ಎತ್ತರದ ಆಳು, ಕೂತಾಗ ಚಿಕ್ಕ ಹುಡುಗನ ಹಾಗೆ ಕಂಡರು.

"ಅಳಿಯ ಬಂದು ಹೇಳ್ದ. ಪುಟ್ಟಿ ಮೂಲೆ ಬೀದೀಲಿ ಮಳಿಗೆ ಕೇಳ್ತಿದ್ಲಂತೆ. ಬಿಟ್ಟು ಹೋಗ್ತಾಳೆ ಅಂದ. ನಾನು ಡಿಸ್ಕ್ ಎತ್ತಿಟ್ಟೆ. ಅದು ಇಲ್ದೆ ಇದ್ರೆ ಅವಳು ಹೋಗಲ್ಲ ಅನ್ಕೊಂಡೆ. ಸ್ವಲ್ಪ ದಿನ ಆದ್ಮೇಲೆ ವಾಪಸ್ ಇಡ್ತಿದ್ದೆ. ಡಿಸ್ಕ್ ಕೆಟ್ಟಿದೆ ಅನ್ಕೋತೀರಿ, ಅಷ್ಟೇ ಅನ್ಕೊಂಡಿದ್ದೆ. ಅದು ನೋಡಿದ್ರೆ ಮಗು ಥರ ಕೂಗೋಕೆ ಶುರು ಮಾಡ್ತು. ಅಳಿಯ ಅವಳ ಮೇಲೆ ಹಾಕ್ದ. ನನಗೆ ಬಾಯೇ ಬರಲಿಲ್ಲ."

"ಮಳಿಗೆ ಯಾಕೆ ಅಂತ ಅವಳನ್ನೇ ಕೇಳಬಹುದಿತ್ತಲ್ಲ."

"ಕೇಳಿ, ಹೌದು ಹೋಗ್ತೀನಿ ಅಂದ್ಬಿಟ್ರೆ?"

ನೋವಿರುವ ಹಲ್ಲನ್ನು ತೋರಿಸಲು ಹೆದರಿ ಎಷ್ಟು ಜನ ಗಂಜಿ ಕುಡಿದು ಬದುಕುವುದಿಲ್ಲ.

"ಈಗ ಕೇಳಿ," ಎಂದಳು ಚಿಕ್ಕಮ್ಮ. "ನಾನು ಹೇಳೋದಲ್ಲ ಇದು. ನೀವೇ ಹೋಗಿ ಹೇಳ್ಬೇಕು. ಅದಿರಲಿ, ಡ್ರಾಯರಲ್ಲಿದ್ದ ಸತ್ತ ಡಿಸ್ಕ್ ಎರಡನ್ನೂ ತಗೊಂಡ್ರಾ?"

"ಇಲ್ಲ. ಒಂದೇ."

ಚಿಕ್ಕಮ್ಮನ ಹುಬ್ಬು ಗಂಟಾಯಿತು. ಆದರೆ ಯಜಮಾನರು ಆಗಲೇ ಬಾಗಿಲು ತಳ್ಳಿದ್ದರು.

ಅವರು ಹೇಳಿದ್ದನ್ನು ಪುಟ್ಟಿ ಕಡೆಯವರೆಗೂ ಕೇಳಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಕೋಪ ಬಂತು.

"ಮಾಮ, ಆ ಮಳಿಗೆ ಕೇಳಿದ್ದು ನಮಗೇ. ಇಲ್ಲಿಗೆ ಬರೋರು ಯಾರು? ನಡೆಯೋಕೆ ಆಗದೋರು. ಸಂಗೀತದ ಟೀಚರ್ ಮೊನ್ನೆ ಮೆಟ್ಟಿಲ ಮೇಲೆ ನಾಲ್ಕು ಕಡೆ ಕೂತ್ಕೊಂಡು ಬಂದ್ರು. ನೆಲಮಟ್ಟದಲ್ಲಿ ಒಂದು ಕೋಣೆ ಸಿಕ್ರೆ ನಿನಗೆ ಹೇಳೋಣ ಅಂತಿದ್ದೆ. ನಾನು ಎಲ್ಲಿಗೆ ಹೋಗ್ಲಿ? ನನ್ನ ಕೈ ಅಕ್ಷರ ನೋಡಿ ಬೈಯೋಕೆ ಬೇರೆ ಯಾರಿದ್ದಾರೆ?"

ಯಜಮಾನರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಇಷ್ಟು ವರ್ಷ ಮೆಟ್ಟಿಲು ನನ್ನ ತಲೆಗೇ ಹೊಳೀಲಿಲ್ಲ ಕಣೇ."

"ನಿನ್ನ ಕಾಲು ನೆಟ್ಟಗಿದ್ಯಲ್ಲ, ಅದಕ್ಕೆ," ಎಂದಳು ಅಜ್ಜಿ ಕಿಟಕಿಯಿಂದ.

ನಗು ಬಂತು. ಬೆಳಗ್ಗೆಯಿಂದ ಬಿಗಿದಿದ್ದ ಕೋಣೆ ಹೊಲಿಗೆ ಬಿಟ್ಟ ಹಾಗೆ ಸಡಿಲಾಯಿತು. ಯಜಮಾನರು ಒಳಗೆ ಹೋಗಿ ಅತಿ ದೊಡ್ಡ ಮರದ ಪಾದ ತಂದರು. ಹಗುರಾಗಲಿ ಎಂದು ಅದರ ಒಡಲನ್ನು ಕೊರೆದಿದ್ದರು. ಬಟ್ಟೆಯ ಬಿರಡೆ ಎಳೆದು ಒಳಗಿಂದ ಡಿಸ್ಕ್ ತೆಗೆದು ಪುಟ್ಟಿಯ ಕೈಗಿಟ್ಟರು. ಮೂಲೆಯಲ್ಲಿ ಕೆಂಪು ಚುಕ್ಕೆ ಇತ್ತು.

"ತಪ್ಪಾಯ್ತು," ಎಂದರು. ಅಷ್ಟೇ ಅಂದರು. ಅಷ್ಟು ಸಾಕಾಗಿತ್ತು.

"ಕೂರಿಸಮ್ಮ ನೀನೇ," ಎಂದಳು ಚಿಕ್ಕಮ್ಮ. ಪುಟ್ಟಿ ಡಿಸ್ಕ್ ಕೂರಿಸಿ ತಂತಿ ಸಿಕ್ಕಿಸಿದಳು. ಚಿಕ್ಕಮ್ಮ ತನ್ನ ಡಬ್ಬಿಯಿಂದ ಸರಿಯಾದ ಸ್ಕ್ರೂ ಕೊಟ್ಟಳು. "ಮೇಣ ಬೇಡ," ಎಂದಳು. ಯಜಮಾನರು ನಾಚಿ ನಕ್ಕರು.

ಎಲ್ಲರೂ ಪರದೆಯ ಮುಂದೆ ಸೇರಿದರು. ಪುಟ್ಟಿ ಗುಂಡಿ ಒತ್ತಿದಳು. ಚಿಕ್ಕದೊಂದು ಪೀಪ್. ಬೆಳಕು.

ಕಪ್ಪು ಪರದೆ. ಅದೇ ಬಿಳಿ ಸಾಲು.

"ಇನ್ನೊಂದ್ಸಲ," ಎಂದರು ಯಜಮಾನರು. ಇನ್ನೊಂದು ಸಲವೂ ಅದೇ.

ಚಿಕ್ಕಮ್ಮ ತಂತಿ ಬದಲಿಸಿ ನೋಡಿದಳು. ಡಿಸ್ಕಿಗೆ ಕಿವಿಯಿಟ್ಟಳು. ಬದುಕಿರುವ ಡಿಸ್ಕ್ ಜೇನುಹುಳದ ಹಾಗೆ ಗುಂಯ್‌ಗುಡುತ್ತದೆ. ಇದು ಕಲ್ಲಿನ ಹಾಗೆ ತೆಪ್ಪಗಿತ್ತು.

ಪ್ಲಗ್ ಕಿತ್ತು ಡಿಸ್ಕನ್ನು ಹೊರಗೆಳೆದು ಬೆಳಕಿಗೆ ಹಿಡಿದಳು. ಅವಳಿಟ್ಟ ಚುಕ್ಕೆ ಈ ಹೊತ್ತಿಗೆ ಕಾವಿಗೆ ಕಂದಿ, ಅಂಚು ಉದುರಿ, ಒಣಮೆಣಸಿನ ಸಿಪ್ಪೆಯ ಹಾಗಿರಬೇಕಿತ್ತು. ಇದು ಫಳಫಳ ಹೊಳೆಯುತ್ತಿತ್ತು. ಮೂಸಿದಳು. ಉಗುರು ಬಣ್ಣದ ಘಾಟು ಇನ್ನೂ ಇತ್ತು.

ಎರಡನೆಯ ಹೆಣ ಸಿಕ್ಕಿತು, ಎಂದುಕೊಂಡಳು. ಆದರೆ ಚುಕ್ಕೆಯ ಗುಟ್ಟು ತನ್ನೊಬ್ಬಳದು. ಈ ಪೆಟ್ಟಿಗೆ ತಂದು ಕೂರಿಸಿದ ದಿನ ಬಣ್ಣದ ಶೀಶೆ ತೆಗೆದಾಗ ಕೋಣೆಯಲ್ಲಿ ಯಾರಿದ್ದರು? ಯಜಮಾನರೂ ಅಳಿಯನೂ ಊಟಕ್ಕೆ ಹೋಗಿದ್ದರು. ಪುಟ್ಟಿ ಕೆಳಗೆ ಗಿರಾಕಿಯ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದಳು. ಇದ್ದದ್ದು ಕಿಟಕಿಯ ಬಳಿ ತೂಕಡಿಸುವ ಒಂದು ಜೀವ.

ಚಿಕ್ಕಮ್ಮ ನಿಧಾನವಾಗಿ ತಿರುಗಿದಳು.

ಅಜ್ಜಿಯ ಶಾಲು ಒಂದು ಕಡೆ ಜಾರಿತ್ತು. ಯಂತ್ರ ಕಾಣದ ಆ ಪಾದದ ಹೆಬ್ಬೆರಳಿನ ಉಗುರು ಕೆಂಪಗೆ, ಹೊಸದಾಗಿ ಹೊಳೆಯುತ್ತಿತ್ತು. ಅಜ್ಜಿ ಕಾಲು ಒಳಗೆಳೆದುಕೊಳ್ಳಲಿಲ್ಲ.

"ಶೀಶೇಲಿ ಸ್ವಲ್ಪ ಮಿಕ್ಕಿತ್ತು," ಎಂದಳು. "ವ್ಯರ್ಥ ಯಾಕೆ ಅಂತ ಹಚ್ಕೊಂಡೆ. ಪುಟ್ಟಿಗೆ ಹೇಳ್ಬೇಡ, ಅವಳದೇ ಶೀಶೆ."

"ಅಜ್ಜೀ," ಎಂದಳು ಚಿಕ್ಕಮ್ಮ, "ಈ ಸತ್ತ ಡಿಸ್ಕ್..."

"ತೆಗೆದೋರು ಯಾರು ಅಂತ ಕೇಳಿದ್ರಿ, ಹೇಳ್ದೆ. ಆ ಮರದ ಕಾಲಿನ ಹತ್ರ ಆಮೇಲೆ ಯಾರು ಬಂದ್ರು ಅಂತ ಒಬ್ಬರಾದ್ರೂ ಕೇಳಿದ್ರಾ? ಅವರು ಒಳ್ಳೇದನ್ನ ಎತ್ಕೊಂಡು ಬಿಟ್ಟು ಹೋದ ಈ ಹೆಣಕ್ಕೆ ಚುಕ್ಕೆ ಇಟ್ಟೋಳು ನಾನೇ, ಹೊಸ ಬಣ್ಣ ಕಂಡ್ರಾದ್ರೂ ನನ್ನ ಕೇಳ್ತೀಯ ಅಂತ." ಅಜ್ಜಿಯ ಕಣ್ಣು ಚಿಕ್ಕಮ್ಮನನ್ನು ದಾಟಿ ಬಾಗಿಲ ಕಡೆ ಹೋಯಿತು. ದನಿಯಲ್ಲಿ ತೂಕಡಿಕೆಯ ಸುಳಿವೂ ಇರಲಿಲ್ಲ. "ಹೇಳ್ತೀನಿ. ಮೊದ್ಲು ಚಿಲಕ ಹಾಕು ಪುಟ್ಟಿ. ಅಳಿಯಂದ್ರು ಇನ್ನೂ ಒಳಗಿರೋವಾಗ್ಲೇ."

ಎಲ್ಲರೂ ತಿರುಗಿ ನೋಡಿದರು. ಅಳಿಯನ ಒಂದು ಕಾಲು ಆಗಲೇ ಹೊಸ್ತಿಲ ಆಚೆ ಇತ್ತು.